ಡಂಬೆಲ್ಲಿಗೂ ಬೊಕ್ಕತಲೆಗೂ ಏನು ನಂಟು?

ಕಳೆದ ಭಾನುವಾರ ಅಣ್ಣನ ಮಗ ಒಂದು ಬೆಂಕಿಪೊಟ್ಟಣ ತಂದು ಮೇಜಿನ ಮೇಲಿಟ್ಟ. ತೆರೆದರೆ ಒಳಗೆ ಕೂದಲು. ಬೆಳಗಿನ ಸ್ನಾನದಲ್ಲಿ ಉದುರಿದ್ದಂತೆ. ಎಣಿಸಿದ್ದಾನೆ ಬೇರೆ: 63. ಹುಡುಗನಿಗೆ 24 ವರ್ಷ, ಜಿಮ್ ಸೇರಿ ಎಂಟು ತಿಂಗಳು. “ಕಬ್ಬಿಣ ಎತ್ತಿದರೆ ಟೆಸ್ಟೋಸ್ಟಿರೋನ್ ಏರುತ್ತಂತೆ, ಅದು ಏರಿದರೆ ಕೂದಲು ಹೋಗುತ್ತಂತೆ. ಜಿಮ್ ಬಿಟ್ಟುಬಿಡಲಾ ಚಿಕ್ಕಪ್ಪಾ?”

63 ಎಂಬ ಲೆಕ್ಕಕ್ಕೆ ನಾನು ಬೆಚ್ಚಲಿಲ್ಲ. ಯಾರ ತಲೆಯಿಂದಲಾದರೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಮಾಮೂಲು. ಬಿಳಿ ಹಾಳೆಯ ಮೇಲೆ ಹರಡಿ ನೋಡಿದೆ. ಹೆಚ್ಚಿನವು ಗಟ್ಟಿ ಎಳೆಗಳು. ನಡುವೆ ಹತ್ತಾರು ಮಾತ್ರ ಜೇಡರಬಲೆಯಷ್ಟು ತೆಳು, ಬೆರಳುದ್ದವೂ ಇಲ್ಲ. ಯೋಚನೆ ಮಾಡಬೇಕಾದದ್ದು ಇವುಗಳ ಬಗ್ಗೆ. ವಂಶದಿಂದ ಬರುವ ಬೋಳಿನಲ್ಲಿ ಕೂದಲು ಒಮ್ಮೆಲೇ ಮಾಯವಾಗುವುದಿಲ್ಲ. ಬೆಳೆದು ಉದುರುವ ಒಂದೊಂದು ಸುತ್ತಿಗೂ ಬುಡ ಕುಗ್ಗುತ್ತದೆ, ಮುಂದೆ ಹುಟ್ಟುವ ಕೂದಲು ಇನ್ನಷ್ಟು ಸಣಕಲಾಗುತ್ತದೆ. ಅಣ್ಣನ ನೆತ್ತಿ ಮೂವತ್ತಕ್ಕೇ ಬಯಲಾಗಿತ್ತು, ಅತ್ತಿಗೆಯ ತಮ್ಮನದೂ ಅದೇ ಕಥೆ.

ಹಾಗಂತ ಹುಡುಗನ ತರ್ಕ ಪೂರ್ತಿ ತಪ್ಪೇನೂ ಅಲ್ಲ. ಬೀಜ ಒಡೆಸಿಕೊಂಡವರಿಗೆ ಬೋಳಾಗುವುದಿಲ್ಲ ಎಂದು ಹಿಪೊಕ್ರೆಟಿಸ್ ಕಾಲದಲ್ಲೇ ಗಮನಿಸಿದ್ದರು. ಅದನ್ನು ಪರೀಕ್ಷೆಗೆ ಒಡ್ಡಿದವನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್, 1942ರಲ್ಲಿ. ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡಿದ್ದ ಗಂಡಸರ ತಲೆತುಂಬ ಕೂದಲಿತ್ತು. ಅವರಿಗೆ ಟೆಸ್ಟೋಸ್ಟಿರೋನ್ ಕೊಟ್ಟಾಗ ಕೆಲವರ ಕೂದಲು ಉದುರತೊಡಗಿತು. ಯಾರದ್ದು? ಮನೆತನದಲ್ಲಿ ಬೋಳಿದ್ದವರದ್ದು. ಉಳಿದವರಿಗೆ ಅದೇ ಹಾರ್ಮೋನು ಕೊಟ್ಟರೂ ತಲೆ ಹಾಗೇ ಇತ್ತು.

ಇಡೀ ಗುಟ್ಟು ಇಲ್ಲೇ ಇದೆ. ಗಂಗಾವತಿ ಕಡೆ ತುಂಗಭದ್ರಾ ನಾಲೆಯ ನೀರು ನಿಂತ ಗದ್ದೆಯನ್ನು ನೆನೆಸಿಕೊಳ್ಳಿ. ಆ ನೀರಿಗೆ ಭತ್ತ ನಳನಳಿಸುತ್ತದೆ. ಅದೇ ನೀರು ಶೇಂಗಾ ಹೊಲದಲ್ಲಿ ನಿಂತರೆ ಬೇರು ಕೊಳೆಯುತ್ತದೆ. ಗಂಡಸಿನ ತಲೆಯೂ ಅಷ್ಟೇ. ಗಡ್ಡ ಮೀಸೆಗೂ ನೆತ್ತಿಗೂ ಹರಿಯುವುದು ಒಂದೇ ರಕ್ತ, ಅದರಲ್ಲಿರುವುದು ಒಂದೇ ಹಾರ್ಮೋನು. ಗಡ್ಡ ಅದನ್ನು ಕುಡಿದು ಸೊಂಪಾಗುತ್ತದೆ, ನೆತ್ತಿ ಸೊರಗುತ್ತದೆ. ಬೋಳಾದವರಿಗೆ ಗಡ್ಡ ಮಾತ್ರ ದಟ್ಟವಾಗಿರುವುದನ್ನು ನೀವೂ ನೋಡಿರುತ್ತೀರಿ. ಕಿವಿಯ ಮೇಲೆ, ಹಿಂದಲೆಯಲ್ಲಿ ಉಳಿಯುವ ಕೂದಲು ಈ ನೀರಿಗೆ ಜಗ್ಗದ ತಳಿ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆನ್‌ಟ್ರೈಕ್ 1950ರ ದಶಕದಲ್ಲಿ ಹಿಂದಲೆಯ ಕೂದಲನ್ನು ಕಿತ್ತು ಬೋಳು ನೆತ್ತಿಗೆ ನಾಟಿ ಹಾಕಿದ; ಅದು ಹೊಸ ಜಾಗದಲ್ಲೂ ತನ್ನ ಹಳೇ ಗುಣದಂತೆಯೇ ಬೆಳೆಯಿತು. ಇಂದಿನ ಕೂದಲ ಕಸಿ ಕ್ಲಿನಿಕ್ಕುಗಳೆಲ್ಲ ಬದುಕಿರುವುದು ಈ ಒಂದು ಸಂಗತಿಯ ಮೇಲೆ.

ಇನ್ನೊಂದು ಎಳೆ ಸಿಕ್ಕಿದ್ದು ಡೊಮಿನಿಕನ್ ಗಣರಾಜ್ಯದ ಸಲಿನಾಸ್ ಎಂಬ ಹಳ್ಳಿಯಲ್ಲಿ. ಅಲ್ಲಿನ ಕೆಲವು ಗಂಡಸರಲ್ಲಿ ಟೆಸ್ಟೋಸ್ಟಿರೋನನ್ನು ಡಿಎಚ್‌ಟಿ ಎಂಬ ಖಾರದ ರೂಪಕ್ಕೆ ತಿರುಗಿಸುವ ಕಿಣ್ವದ್ದೇ ಕೊರತೆ ಎಂದು 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲಿ ತಂಡ ತಿಳಿಸಿತು. ಅವರಿಗೆ ಟೆಸ್ಟೋಸ್ಟಿರೋನ್ ಇತ್ತು, ಬೋಳು ಇರಲಿಲ್ಲ. ನೆತ್ತಿಯನ್ನು ಸುಡುವುದು ಡಿಎಚ್‌ಟಿ. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಗುಳಿಗೆಗೆ ಅಮೆರಿಕದಲ್ಲಿ ಬೋಳಿನ ಚಿಕಿತ್ಸೆಗೆಂದು 1997ರಲ್ಲಿ ಒಪ್ಪಿಗೆ ಸಿಕ್ಕಿತು.

ಈಗ ಜಿಮ್ಮಿಗೆ ಬರೋಣ. ಭಾರ ಎತ್ತಿದಾಗ ಟೆಸ್ಟೋಸ್ಟಿರೋನ್ ಏರುವುದು ನಿಜ. ಆದರೆ ಅದು ತೂಬನ್ನು ಗಳಿಗೆ ಹೊತ್ತು ಒಂದಂಗುಲ ಎತ್ತಿದ ಹಾಗೆ. ತಾಸು ಕಳೆಯುವುದರೊಳಗೆ ಮಟ್ಟ ಹೆಚ್ಚುಕಡಿಮೆ ಮೊದಲಿನಂತೆಯೇ. ನಾಲೆಯಲ್ಲಿ ವರ್ಷವಿಡೀ ನೀರಿರುವಾಗ ಇದರಿಂದ ಶೇಂಗಾಕ್ಕೆ ಆಗುವುದೇನು? ಬೋಳನ್ನು ತೀರ್ಮಾನಿಸುವುದು ತಳಿ. 2017ರಲ್ಲಿ ಬ್ರಿಟನ್ನಿನ 52 ಸಾವಿರಕ್ಕೂ ಹೆಚ್ಚು ಗಂಡಸರನ್ನು ಪರಿಶೀಲಿಸಿದಾಗ ಬೋಳಿಗೆ ನಂಟಿರುವ 287 ವಂಶವಾಹಿ ತಾಣಗಳು ಸಿಕ್ಕವು. ಅವುಗಳಲ್ಲಿ 40 ತಾಯಿಯಿಂದ ಬರುವ ಎಕ್ಸ್ ವರ್ಣತಂತುವಿನವು. ಸೋದರಮಾವನ ತಲೆ ನೋಡು ಎನ್ನುವ ಹಿರಿಯರ ಮಾತು ಸುಳ್ಳಲ್ಲ, ಅಪ್ಪನ ತಲೆಯನ್ನೂ ನೋಡಬೇಕು ಅಷ್ಟೆ.

ಹುಡುಗನ ಚೀಲದಲ್ಲಿ ಜಿಮ್ಮಿನವರು ಕಸುವಿಗೆಂದು ತಿನ್ನುವ ಕ್ರಿಯಾಟಿನ್ ಡಬ್ಬಿಯೂ ಇತ್ತು. ಅದರಿಂದ ಕೂದಲು ಉದುರುತ್ತದೆ ಎಂಬ ಗುಮಾನಿಗೆ ಮೂಲ 2009ರ ದಕ್ಷಿಣ ಆಫ್ರಿಕಾದ ಒಂದು ಅಧ್ಯಯನ: ಇಪ್ಪತ್ತು ರಗ್ಬಿ ಆಟಗಾರರು, ಮೂರು ವಾರ. ಡಿಎಚ್‌ಟಿ ಮೊದಲ ವಾರ ಶೇ 56ರಷ್ಟು ಏರಿತು. ಕೂದಲನ್ನು ಮಾತ್ರ ಯಾರೂ ಎಣಿಸಿರಲಿಲ್ಲ! ಇಷ್ಟನ್ನೇ ಹಿಡಿದು ಹದಿನೈದು ವರ್ಷ ಜಗತ್ತೆಲ್ಲ ಗುಲ್ಲಾಯಿತು. 2025ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ ಕೂದಲನ್ನೂ ಅಳೆದರು. ಕ್ರಿಯಾಟಿನ್ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಕಾಣಲಿಲ್ಲ.

ಜಿಮ್ ಸೇರಿದ ಮೇಲೆಯೇ ಉದುರಿತು ಎನ್ನುವವರು ತಮ್ಮ ತಟ್ಟೆಯನ್ನೂ ಒಮ್ಮೆ ನೋಡಿಕೊಳ್ಳಲಿ. ಅನ್ನ ಬಿಟ್ಟು, ಹೊಟ್ಟೆ ಕಟ್ಟಿ ದಿಢೀರನೆ ತೂಕ ಇಳಿಸಿದರೆ ಎರಡು ಮೂರು ತಿಂಗಳಿಗೆ ಕೂದಲು ಕೈತುಂಬ ಬರುತ್ತದೆ. ಡೆಂಗಿ ಜ್ವರದ ನಂತರವೂ ಹೀಗಾಗುವುದುಂಟು. ಸರಿಯಾಗಿ ಉಂಡರೆ ಅದು ಸಾಮಾನ್ಯವಾಗಿ ಮರಳುತ್ತದೆ. ವಂಶದ ಬೋಳು ತಾನಾಗಿ ಮರಳುವುದಿಲ್ಲ.

ನಿಜಕ್ಕೂ ಹೆದರಬೇಕಾದದ್ದು ಜಿಮ್ಮಿನ ಮೂಲೆಯಲ್ಲಿ ಗುಟ್ಟಾಗಿ ಸಿಗುವ ಸ್ಟೀರಾಯ್ಡ್ ಸೂಜಿಗೆ. ಅದು ತೂಬನ್ನೇ ಕಿತ್ತುಹಾಕಿದ ಹಾಗೆ. ವಂಶದಲ್ಲಿ ಬೋಳಿದ್ದವನ ನೆತ್ತಿ ಬೇಗ ಬರಿದಾಗುತ್ತದೆ. ಹೃದಯ, ವೃಷಣಗಳಿಗೆ ಆಗುವ ಹಾನಿ ಇನ್ನೂ ದೊಡ್ಡದು.

ಹುಡುಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಜಿಮ್ ಬಿಡಬೇಡಿ, ಸೂಜಿ ಮುಟ್ಟಬೇಡಿ, ಕೂದಲು ತೆಳುವಾಗುತ್ತಿದ್ದರೆ ಬೇಗ ಚರ್ಮವೈದ್ಯರ ಬಳಿ ಹೋಗಿ. ಬೆಂಕಿಪೊಟ್ಟಣ ಒಯ್ಯುವ ಅಗತ್ಯವಿಲ್ಲ, ಅವರು ನೆತ್ತಿಯನ್ನೇ ನೋಡುತ್ತಾರೆ.