ದೀರ್ಘಾವಧಿಯ ಕರಾರೂ ಏರಿಳಿತದ ಆಟಗಾರನೂ

ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗಿನಲ್ಲಿ ಆಟ ನಡೆಯುವುದು ಮಂಜುಗಡ್ಡೆಯ ಮೇಲೆ. ಅಲ್ಲಿ ಒಂದು ವರ್ಷ ಮಿಂಚಿ ಮರುವರ್ಷ ಮಂಕಾಗುವ ಆಟಗಾರನೊಡನೆ ಹತ್ತಾರು ವರ್ಷಗಳ ಕರಾರು ಮಾಡಿಕೊಳ್ಳುವುದು ಲಾಭಕರವೇ ಎಂಬ ಪ್ರಶ್ನೆ ಆರ್ಥಿಕ ಇತಿಹಾಸದ ದೃಷ್ಟಿಯಿಂದಲೂ ವಿಚಾರಾರ್ಹವಾದುದು. ನ್ಯೂಯಾರ್ಕ್ ಐಲ್ಯಾಂಡರ್ಸ್ ಎಂಬ ಒಂದೇ ತಂಡದ ಎರಡು ಕರಾರುಗಳನ್ನು ನಾವಿಲ್ಲಿ ಪರಿಶೀಲಿಸಿದ್ದೇವೆ.

2001ರಲ್ಲಿ ಈ ತಂಡವು ರಷ್ಯದ ಅಲೆಕ್ಸಿ ಯಾಶಿನ್‌ಗೆ ಹತ್ತು ವರ್ಷಗಳಿಗೆ 8.75 ಕೋಟಿ ಡಾಲರ್ ಕೊಡಲು ಒಪ್ಪಿತು. ಕರಾರಿನ ವಿವಾದದಿಂದಾಗಿ ಆತ 1999-2000ರಲ್ಲಿ ಕಣಕ್ಕೇ ಇಳಿದಿರಲಿಲ್ಲ. ಮರುವರ್ಷ 40 ಗೋಲು ಹೊಡೆದಿದ್ದನು. ತಂಡಕ್ಕೆ ಕಂಡದ್ದು ಆ 40 ಮಾತ್ರ. ಹೊಸ ತಂಡದಲ್ಲಿ ಆ ಸಂಖ್ಯೆ 32ಕ್ಕೂ ಅನಂತರ 26ಕ್ಕೂ ಇಳಿಯಿತು.

ಆಟ ಕೆಟ್ಟಿತೆಂದು ಸಂಬಳ ನಿಲ್ಲಿಸಲು ಅಲ್ಲಿ ಅವಕಾಶವಿಲ್ಲ. ಕರಾರನ್ನು ಬಿಡಿಸಿಕೊಳ್ಳಬೇಕಾದರೆ, ಎಳೆಯ ಆಟಗಾರರ ಹೊರತು ಉಳಿದವರಿಗೆ, ಬಾಕಿ ಸಂಬಳದ ಮೂರರಲ್ಲಿ ಎರಡು ಪಾಲನ್ನು ಉಳಿದ ಅವಧಿಯ ಇಮ್ಮಡಿ ಕಾಲದಲ್ಲಿ ಸಲ್ಲಿಸಬೇಕು. 2007ರಲ್ಲಿ ಯಾಶಿನ್‌ನನ್ನು ಹೀಗೆ ಬಿಟ್ಟದ್ದರಿಂದ ತಂಡವು ಮುಂದಿನ ಎಂಟು ವರ್ಷ ತನಗಾಗಿ ಆಡದವನಿಗೆ ಹಣ ತೆತ್ತಿತು.

ಈ ಲೆಕ್ಕ ಮುಗಿಯುವ ಮೊದಲೇ, 2006ರಲ್ಲಿ, ಅದೇ ತಂಡ 24 ವರ್ಷದ ಗೋಲ್‌ಕೀಪರ್ ರಿಕ್ ಡಿಪಿಯೆಟ್ರೊನೊಡನೆ ವರ್ಷಕ್ಕೆ 45 ಲಕ್ಷ ಡಾಲರಿನಂತೆ ಹದಿನೈದು ವರ್ಷಗಳ ಕರಾರು ಮಾಡಿಕೊಂಡಿತು. ಮೊದಲೆರಡು ಋತುಗಳಲ್ಲಿ ಆತ 62 ಮತ್ತು 63 ಪಂದ್ಯಗಳನ್ನಾಡಿದನು. ಆಮೇಲೆ ಗಾಯಗಳ ಸರಣಿ. ಐದು ಋತುಗಳಲ್ಲಿ ಒಟ್ಟು 50 ಪಂದ್ಯ! 2013ರಲ್ಲಿ ಕರಾರು ಬಿಡಿಸಿಕೊಂಡಾಗ ಎಂಟು ವರ್ಷಗಳ 3.6 ಕೋಟಿ ಬಾಕಿ ಇತ್ತು. ಅದರ ಮೂರರಲ್ಲಿ ಎರಡು ಪಾಲು 2.4 ಕೋಟಿ, ಹದಿನಾರು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 15 ಲಕ್ಷ, 2029ರವರೆಗೆ.

ಎರಡೂ ಕರಾರುಗಳನ್ನು ಒಂದೇ ಮೂರ್ಖತನವೆಂದು ಎಣಿಸುವುದು ವಾಡಿಕೆ. ನಮಗೆ ಇದು ಸಮ್ಮತವಲ್ಲ. ಫಲವನ್ನು ಕಂಡ ಮೇಲೆ ನಿರ್ಧಾರವನ್ನು ಹಳಿಯುವುದು ಇತಿಹಾಸಕಾರನಿಗೆ ಸಲ್ಲದು. 2005ರಿಂದ ಲೀಗು ತಂಡದ ಒಟ್ಟು ಸಂಬಳಕ್ಕೆ ಮಿತಿ ವಿಧಿಸಿದೆ. 2006-07ರಲ್ಲಿ 4.4 ಕೋಟಿಯಿದ್ದ ಆ ಮಿತಿ 2025-26ರಲ್ಲಿ 9.55 ಕೋಟಿಗೆ ಏರಿತು. ಮಿತಿ ಏರಿದಂತೆಲ್ಲ ಸ್ಥಿರವಾದ ಸಂಬಳ ಹಗುರವಾಗುತ್ತದೆ. ತರುಣನೊಬ್ಬನನ್ನು ಮಿತವಾದ ಬೆಲೆಗೆ ದೀರ್ಘಕಾಲ ಹಿಡಿದಿಡುವುದರಲ್ಲಿ ಆದುದರಿಂದ ಅರ್ಥವಿತ್ತು, ಸೋತದ್ದು ದೇಹ. ಯಾಶಿನ್‌ನ ವಿಷಯ ಬೇರೆ. ಏರಿಳಿತ ಮೊದಲೇ ಗೋಚರವಾಗಿದ್ದರೂ ಏರಿನ ಬೆಲೆಯನ್ನೇ ಹತ್ತು ವರ್ಷಕ್ಕೂ ಕಟ್ಟಲಾಯಿತು. ಇಳಿತಕ್ಕಾಗಿ ಏನನ್ನೂ ಕಳೆದುಕೊಳ್ಳಲಿಲ್ಲ. ಅದು ಸಹಿ ಹಾಕಿದ ದಿನವೇ ತಪ್ಪಾಗಿತ್ತು.

ಮಾಲೀಕರು ಕೊನೆಗೆ ತಮ್ಮ ಕೈಯನ್ನು ತಾವೇ ಕಟ್ಟಿಕೊಂಡರು. 2013ರ ಒಡಂಬಡಿಕೆಯು ಸ್ವಂತ ಆಟಗಾರನಿಗೆ ಎಂಟು, ಹೊರಗಿನಿಂದ ಬಂದವನಿಗೆ ಏಳು ವರ್ಷಗಳ ಗರಿಷ್ಠಾವಧಿಯನ್ನು ಗೊತ್ತುಪಡಿಸಿತು. 2025ರಲ್ಲಿ ಒಪ್ಪಿದ ಹೊಸ ಒಡಂಬಡಿಕೆಯಂತೆ ಅವು ಏಳು ಮತ್ತು ಆರು.