ಗೃಹವೀಡಿಯೋ ಪ್ರತಿಗಳು ಮತ್ತು ಚಲನಚಿತ್ರದ ಪಾಠ: ‘ವ್ಯಾಂಪೈರ್ ಹಂಟರ್ ಡಿ: ಬ್ಲಡ್‌ಲಸ್ಟ್’ ಚಿತ್ರವನ್ನು ಅನುಲಕ್ಷಿಸಿ

ಕೃತಿಯೊಂದರ ಅರ್ಥವನ್ನು ವಿವೇಚಿಸುವ ಮೊದಲು ಅದರ ಪಾಠವನ್ನು ನಿಶ್ಚಯಿಸಿಕೊಳ್ಳಬೇಕೆಂಬುದು ಗ್ರಂಥಸಂಪಾದನೆಯ ಮೂಲನಿಯಮ. ಓಲೆಗರಿಯ ಕೃತಿಗಳ ವಿಷಯದಲ್ಲಿ ಎಲ್ಲರೂ ಒಪ್ಪಿರುವ ಈ ನಿಯಮವು ಚಲನಚಿತ್ರದ ಅಧ್ಯಯನದಲ್ಲಿ ಅಷ್ಟಾಗಿ ಪಾಲನೆಯಾಗುವುದಿಲ್ಲ. ವಿಮರ್ಶಕರು ಸಾಮಾನ್ಯವಾಗಿ ನೋಡುವುದು ಕ್ಯಾಸೆಟ್ಟು, ಡಿವಿಡಿ ಅಥವಾ ಬ್ಲೂ-ರೇ ತಟ್ಟೆಯ ಮೇಲಿರುವ ಒಂದು ಪ್ರತಿಯನ್ನು. ಬರೆಯುವುದು ಮಾತ್ರ ‘ಚಿತ್ರ’ವನ್ನು ಕುರಿತು. ಇವೆರಡರ ನಡುವಿನ ಅಂತರವು ಅರ್ಥನಿರ್ಣಯವನ್ನು ಹೇಗೆ ಪ್ರಭಾವಿಸುತ್ತದೆ ಎಂಬುದನ್ನು ಒಂದು ಜಪಾನೀ ಅನಿಮೆ ಚಿತ್ರದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಿತ್ರದ ಹಿನ್ನೆಲೆ

ಹಿದೆಯುಕಿ ಕಿಕುಚಿ ಅವರ ‘ವ್ಯಾಂಪೈರ್ ಹಂಟರ್ ಡಿ’ ಕಾದಂಬರಿಮಾಲೆ 1983ರಲ್ಲಿ ಆರಂಭವಾಯಿತು. ಯೊಶಿತಕ ಅಮಾನೊ ಅವರ ರೇಖಾಚಿತ್ರಗಳು ಈ ಮಾಲೆಗೆ ವಿಶಿಷ್ಟವಾದ ದೃಶ್ಯರೂಪವನ್ನು ಕೊಟ್ಟವು. 1985ರಲ್ಲಿ ತೊಯೊ ಅಶಿದ ಅವರ ನಿರ್ದೇಶನದಲ್ಲಿ ಮೊದಲ ಕಾದಂಬರಿಯು ಅನಿಮೆ ರೂಪ ಪಡೆಯಿತು. ಅದು ನೇರವಾಗಿ ವೀಡಿಯೋ ಮಾರುಕಟ್ಟೆಗೆಂದು ತಯಾರಿಸುವ ‘ಓವಿಎ’ ವರ್ಗಕ್ಕೆ ಸೇರಿದುದು. 1983ರ ‘ಡಲ್ಲೊಸ್’ನಿಂದ ಮೊದಲಾದ ಈ ವರ್ಗದಲ್ಲಿ ಗೃಹವೀಡಿಯೋ ಎಂಬುದು ಚಿತ್ರಮಂದಿರದ ಪ್ರದರ್ಶನದ ನೆರಳಾಗಿರದೆ ಕೃತಿಯ ಪ್ರಥಮ ಪ್ರಕಟಣೆಯೇ ಆಗಿತ್ತು.

ಮಾಲೆಯ ಮೂರನೆಯ ಕಾದಂಬರಿಯನ್ನು ಆಧರಿಸಿದ ‘ಬ್ಲಡ್‌ಲಸ್ಟ್’ ಚಿತ್ರವನ್ನು ಮ್ಯಾಡ್‌ಹೌಸ್ ಸಂಸ್ಥೆಗಾಗಿ ಯೊಶಿಅಕಿ ಕವಜಿರಿ ನಿರ್ದೇಶಿಸಿದರು. 2000ರಲ್ಲಿ ಸಿದ್ಧವಾದ ಇದು ಜಪಾನಿನ ಚಿತ್ರಮಂದಿರಗಳಲ್ಲಿ ತೆರೆಕಂಡದ್ದು 2001ರಲ್ಲಿ. ರಕ್ತಪಿಪಾಸುವಾದ ಮೈಯರ್ ಲಿಂಕ್ ಎಂಬಾತ ಶಾರ್ಲೆಟ್ ಎಂಬ ತರುಣಿಯನ್ನು ಒಯ್ದಿದ್ದಾನೆ. ಅವಳನ್ನು ಮರಳಿ ತರಲು ಡಿ ನಿಯುಕ್ತನಾಗುತ್ತಾನೆ. ಅದು ಅಪಹರಣವೋ ಅನುರಾಗವೋ ಎಂಬ ಪ್ರಶ್ನೆಯೇ ಕಥೆಯ ತಿರುಳು. ಬೆನ್ನಟ್ಟುವ ಡಿ ಕೂಡ ಮಾನವ ತಾಯಿಗೂ ರಕ್ತಪಿಪಾಸು ತಂದೆಗೂ ಜನಿಸಿದವನು. ಎರಡು ಲೋಕಗಳಲ್ಲಿ ಯಾವುದಕ್ಕೂ ಪೂರ್ಣವಾಗಿ ಸಲ್ಲದವನು.

ಕತ್ತಲೆಯ ಪಾಠ

ಈ ನಡುನೆಲೆಯನ್ನು ಚಿತ್ರವು ಮಾತಿನಲ್ಲಿ ಹೇಳುವುದಕ್ಕಿಂತ ಹೆಚ್ಚಾಗಿ ಕತ್ತಲೆಯ ತರತಮಗಳ ಮೂಲಕ ಕಾಣಿಸುತ್ತದೆ. ಆರಂಭದ ದೃಶ್ಯದಲ್ಲಿ ಇರುಳಿನ ಊರೊಳಗೆ ಅಗೋಚರವಾದ ಯಾವುದೋ ಹಾದುಹೋದಂತೆ ಶಿಲುಬೆಗಳು ಬಾಗುತ್ತವೆ, ಹೂಗಳು ಬಾಡುತ್ತವೆ. ಮುಂದೆ ಡಿಯ ಕಪ್ಪು ನಿಲುವಂಗಿಯು ಕಪ್ಪು ಆಕಾಶದ ಎದುರು ನಿಲ್ಲುವ ಸನ್ನಿವೇಶಗಳಿವೆ. ಕಪ್ಪಿನಿಂದ ಕಪ್ಪನ್ನು ಬೇರ್ಪಡಿಸುವ ಸೂಕ್ಷ್ಮ ಛಾಯೆಗಳು ಉಳಿದರೆ ಮಾತ್ರ ಆಕೃತಿ ಕತ್ತಲೆಯಿಂದ ಮೂಡಿಬಂದಂತೆ ತೋರುತ್ತದೆ. ಅವು ಅಳಿದಾಗ ನಿಲುವಂಗಿಯೂ ಆಕಾಶವೂ ಒಂದೇ ಕಪ್ಪಾಗಿ, ಮುಖವೊಂದೇ ತೇಲುತ್ತದೆ. ಹೀಗಾಗಿ ಈ ಚಿತ್ರದಲ್ಲಿ ಪ್ರತಿಯ ಗುಣಮಟ್ಟವು ಕಣ್ಣಿನ ಸುಖದ ವಿಷಯವಾಗಿ ಮಾತ್ರ ಉಳಿಯದೆ ಅರ್ಥದ ವಿಷಯವೂ ಆಗುತ್ತದೆ.

ಮಾಧ್ಯಮಗಳು ಮತ್ತು ಪಾಠಾಂತರ

ವಿಎಚ್‌ಎಸ್ ಕ್ಯಾಸೆಟ್ಟಿನಲ್ಲಿ ಅಡ್ಡಲಾಗಿ ಸುಮಾರು 240 ರೇಖೆಗಳಷ್ಟು ವಿವರ ಮಾತ್ರ ಉಳಿಯುತ್ತಿತ್ತು. ಬಣ್ಣದ ವಿವರ ಅದಕ್ಕಿಂತ ಬಹಳ ಕಡಿಮೆ. ಒಂದು ಕ್ಯಾಸೆಟ್ಟಿನಿಂದ ಮತ್ತೊಂದಕ್ಕೆ ನಕಲು ಮಾಡಿದಂತೆಲ್ಲ ಚಿತ್ರ ಮಸುಕಾಗುತ್ತಿತ್ತು. ಪ್ರತಿಯಿಂದ ಪ್ರತಿ ತೆಗೆಯುವಾಗ ಸ್ಖಾಲಿತ್ಯಗಳು ಕೂಡುತ್ತ ಹೋಗುವ ಲಿಪಿಕಾರ ಪರಂಪರೆಯನ್ನು ಇದು ನೆನಪಿಸುತ್ತದೆ.

ಡಿವಿಡಿಯಲ್ಲಿ ನಕಲಿನಿಂದ ಸವೆತವಿಲ್ಲ. ಆದರೆ ಅಲ್ಲಿ ಚಿತ್ರವನ್ನು ಎಂಪೆಗ್-2 ಕ್ರಮದಲ್ಲಿ ಸಂಕ್ಷೇಪಿಸಲಾಗುತ್ತದೆ. ಈ ಕ್ರಮವು ಚಿತ್ರವನ್ನು 8×8 ಬಿಂದುಗಳ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಅಷ್ಟಾಗಿ ತೋರದೆಂದು ಎಣಿಸಿದ ವಿವರಗಳನ್ನು ಕೈಬಿಡುತ್ತದೆ. ಕತ್ತಲೆಯ ಛಾಯೆಗಳು ಮೊದಲು ಬಲಿಯಾಗುವುದು ಇಲ್ಲಿಯೇ. ಮೃದುವಾಗಿ ಕರಗಬೇಕಾದ ಇರುಳಿನ ಆಕಾಶವು ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. 8 ಬಿಟ್ಟಿನ ವೀಡಿಯೋದಲ್ಲಿ ಕಪ್ಪಿಗೆ 16, ಬಿಳಿಗೆ 235 ಎಂಬ ಬೆಲೆಗಳು ನಿಗದಿಯಾಗಿವೆ. ಪ್ಲೇಯರ್ ಮತ್ತು ಪರದೆಗಳಲ್ಲಿ ಈ ಹೊಂದಾಣಿಕೆ ತಪ್ಪಿದರೆ ನೆರಳುಗಳು ಪೂರ್ಣ ಕಪ್ಪಿನಲ್ಲಿ ಮುಳುಗುತ್ತವೆ ಅಥವಾ ಕಪ್ಪೇ ಬೂದಿಬಣ್ಣಕ್ಕೆ ತಿರುಗುತ್ತದೆ. ಒಂದೇ ತಟ್ಟೆ ಎರಡು ಕಡೆ ಎರಡು ಬಗೆಯಾಗಿ ಕಾಣಲು ಇದೂ ಕಾರಣ.

ಕಾಲಮಾನದಲ್ಲಿಯೂ ಪಾಠಾಂತರ ಉಂಟು. ಚಲನಚಿತ್ರದ ವೇಗ ಸೆಕೆಂಡಿಗೆ 24 ಚೌಕಟ್ಟುಗಳು. ಯುರೋಪಿನಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಪ್ರತಿಗಳಲ್ಲಿ ಇದನ್ನು ಸಾಮಾನ್ಯವಾಗಿ 25ಕ್ಕೆ ಏರಿಸಿ ಓಡಿಸುತ್ತಿದ್ದರು. ಅದರಿಂದ 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ. ಸರಿಪಡಿಸದಿದ್ದರೆ ಧ್ವನಿಯ ಸ್ಥಾಯಿಯೂ ಏರುತ್ತದೆ. ತಟ್ಟೆಯ ಹೊದಿಕೆಯ ಮೇಲಿನ ಅವಧಿಯನ್ನಷ್ಟೇ ನೋಡಿದ ಸಂಶೋಧಕರು ನಾಲ್ಕು ನಿಮಿಷಗಳ ಭಾಗ ಕತ್ತರಿಸಲ್ಪಟ್ಟಿದೆ ಎಂಬ ತಪ್ಪು ನಿರ್ಣಯಕ್ಕೆ ಬರುವ ಸಾಧ್ಯತೆ ಇದೆ. ಗರಿಗಳ ಸಂಖ್ಯೆ ಕಡಿಮೆಯಿದೆಯೆಂದ ಮಾತ್ರಕ್ಕೆ ಗ್ರಂಥಪಾತವೆಂದು ಹೇಳಲಾಗದು ಎಂಬ ವಿವೇಕ ಇಲ್ಲಿಯೂ ಅಗತ್ಯ.

ತಿದ್ದುಪಡಿಯ ಸಮಸ್ಯೆ

2015ರಲ್ಲಿ ಅಮೆರಿಕದಲ್ಲಿ ಈ ಎರಡೂ ಚಿತ್ರಗಳ ಬ್ಲೂ-ರೇ ಆವೃತ್ತಿಗಳು ಬಂದವು. ಎನ್‌ಟಿಎಸ್‌ಸಿ ಡಿವಿಡಿಯ ಒಂದು ಚೌಕಟ್ಟಿನಲ್ಲಿ 720×480 ಬಿಂದುಗಳಿದ್ದರೆ ಬ್ಲೂ-ರೇಯಲ್ಲಿ 1920×1080. ಎಂದರೆ ಆರು ಪಟ್ಟು. ಆದರೆ ಬಿಂದುಗಳ ಸಂಖ್ಯೆಯೇ ನಿಷ್ಠೆಗೆ ಪ್ರಮಾಣವಲ್ಲ. ಸೆಲ್ ಅನಿಮೇಷನ್ನಿನಲ್ಲಿ ಪಾರದರ್ಶಕ ಹಾಳೆಗಳ ಮೇಲೆ ಬರೆದ ಚಿತ್ರಗಳನ್ನು ಫಿಲ್ಮಿನಲ್ಲಿ ಛಾಯಾಗ್ರಹಣ ಮಾಡುತ್ತಿದ್ದುದರಿಂದ ಫಿಲ್ಮಿನ ಕಣಗಳೂ ಚಿತ್ರದ ಅಂಗವೇ ಆಗಿರುತ್ತವೆ. ಪ್ರಕಾಶಕರು ಈ ಕಣಗಳನ್ನು ಕೊಳೆಯೆಂದು ಬಗೆದು ಕಂಪ್ಯೂಟರಿನಿಂದ ಅಳಿಸಲು ಹೊರಟಾಗ, ಕಣದೊಂದಿಗೆ ತೆಳುವಾದ ರೇಖೆಯೂ ಅಳಿಯುವುದುಂಟು. ಅಮಾನೊ ಅವರ ನವಿರಾದ ರೇಖೆಗಳ ಪ್ರೇರಣೆಯಿಂದ ಯುತಕ ಮಿನೊವ ರೂಪಿಸಿದ ‘ಬ್ಲಡ್‌ಲಸ್ಟ್’ನ ಪಾತ್ರಗಳಂಥವುಗಳಿಗೆ ಇದರಿಂದಾಗುವ ನಷ್ಟ ಸಣ್ಣದಲ್ಲ.

ಕ್ಯಾಸೆಟ್ಟಿನ ದೋಷ ದೋಷವಾಗಿಯೇ ಕಾಣುತ್ತದೆ, ನೋಡುವವರು ಎಚ್ಚರದಿಂದಿರುತ್ತಾರೆ. ಅತಿಯಾಗಿ ತೊಳೆದ ಆವೃತ್ತಿಯಾದರೋ ಶುದ್ಧಪಾಠದ ವೇಷದಲ್ಲಿ ಬರುತ್ತದೆ. ಹಳೆಯ ರೂಪವನ್ನು ಅಶುದ್ಧವೆಂದು ತಿಳಿದು ತಿದ್ದಿಬಿಡುವ ಲಿಪಿಕಾರನು, ಅರ್ಥವಾಗದಿದ್ದರೂ ಇದ್ದಂತೆ ಬರೆದಿಟ್ಟವನಿಗಿಂತ ಸಂಪಾದಕರಿಗೆ ಹೆಚ್ಚು ತೊಡಕನ್ನು ಉಂಟುಮಾಡುತ್ತಾನೆ. ಇಲ್ಲಿಯ ಸ್ಥಿತಿಯೂ ಅದೇ.

ಮೂಲಭಾಷೆಯ ಪ್ರಶ್ನೆ

ಜಪಾನೀ ಚಿತ್ರವೆಂದಾಗ ಜಪಾನೀ ಸಂಭಾಷಣೆಯೇ ಮೂಲ, ಇಂಗ್ಲಿಷ್ ಅದರ ಅನುವಾದ ಎಂಬ ಗ್ರಹಿಕೆ ಸಹಜ. ‘ಬ್ಲಡ್‌ಲಸ್ಟ್’ ಈ ಗ್ರಹಿಕೆಯನ್ನು ತಲೆಕೆಳಗು ಮಾಡುತ್ತದೆ. ಈ ಚಿತ್ರಕ್ಕೆ ಮೊದಲು ಧ್ವನಿಮುದ್ರಣವಾದದ್ದು ಇಂಗ್ಲಿಷ್ ಸಂಭಾಷಣೆ. ಜಪಾನಿನ ಪ್ರೇಕ್ಷಕರೂ ಅದನ್ನು ಇಂಗ್ಲಿಷಿನಲ್ಲಿಯೇ, ಜಪಾನೀ ಅಡಿಬರಹಗಳೊಂದಿಗೆ ನೋಡಿದರು. ಜಪಾನೀ ಧ್ವನಿಪಥ ಸಿದ್ಧವಾದದ್ದು ಅನಂತರ. ಆದುದರಿಂದ ಜಪಾನೀ ಧ್ವನಿಯೇ ಪ್ರಮಾಣವೆಂದು ಭಾವಿಸಿ ಸಂಭಾಷಣೆಯನ್ನು ವಿಶ್ಲೇಷಿಸಿದರೆ, ತರುವಾಯದ ಪಾಠವನ್ನು ಮೂಲಪಾಠವೆಂದು ಕೈಗೊಂಡಂತಾಗುತ್ತದೆ.

ಉಪಸಂಹಾರ

ಈ ವಿವೇಚನೆಯಿಂದ ಕೆಲವು ಕರ್ತವ್ಯಗಳು ಸ್ಪಷ್ಟವಾಗುತ್ತವೆ. ಚಿತ್ರವನ್ನು ಕುರಿತು ಬರೆಯುವವರು ತಾವು ನೋಡಿದ ಪ್ರತಿಯ ಪ್ರಕಾಶಕರು, ವರ್ಷ, ಮಾಧ್ಯಮ ಹಾಗೂ ಧ್ವನಿಪಥದ ಭಾಷೆಯನ್ನು ನಮೂದಿಸಬೇಕು. ಬೆಳಕು, ಬಣ್ಣ, ರೇಖೆಗಳನ್ನು ಆಧರಿಸಿದ ತೀರ್ಮಾನಗಳನ್ನು ಇನ್ನೊಂದು ಪ್ರತಿಯೊಡನೆಯಾದರೂ ತಾಳೆ ನೋಡಬೇಕು. ಹೊಸ ಆವೃತ್ತಿ ಬಂದಿತೆಂದು ಹಳೆಯ ಕ್ಯಾಸೆಟ್ಟುಗಳನ್ನೂ ಡಿವಿಡಿಗಳನ್ನೂ ಗ್ರಂಥಾಲಯಗಳು ತ್ಯಜಿಸಬಾರದು. ಹೊಸ ಆವೃತ್ತಿಯಲ್ಲಿ ಏನನ್ನು ತಿದ್ದಲಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಉಳಿದಿರುವುದು ಅವುಗಳಲ್ಲಿಯೇ. ಹಸ್ತಪ್ರತಿಗಳ ನಡುವೆ ಬೆಳೆದ ಪಾಠವಿವೇಕವು ಕನ್ನಡ ಅಧ್ಯಯನ ವಿಭಾಗಗಳಿಗೆ ಹೊಸದೇನಲ್ಲ. ಚಲನಚಿತ್ರವನ್ನು ಪಠ್ಯವೆಂದು ಪರಿಗಣಿಸುವ ಅಧ್ಯಯನಗಳಲ್ಲಿಯೂ ಅದನ್ನು ಅಷ್ಟೇ ನಿಷ್ಠುರವಾಗಿ ಅನ್ವಯಿಸುವುದು ಅಗತ್ಯವಾಗಿದೆ.