ಮೂಲವೂ ಟೀಕೆಯೂ

ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದ ನೀರು ಧೂಪದಾಳಕ್ಕೆ ಬಂದು, ಅಲ್ಲಿಂದ ಕಾಲುವೆಯ ಮೂಲಕ ಗೋಕಾಕ, ಮೂಡಲಗಿಗಳ ಹೊಲಗಳಿಗೆ ಹರಿಯುತ್ತದೆ. ಕಾಲುವೆ ಒಂದು, ಹೊಲಗಳು ಹಲವು. ಆದುದರಿಂದ ನೀರಿಗೆ ಪಾಳಿ ಬೇಕು. ಪಾಳಿ ಮುಗಿದಾಗ ನೀರು ಯಾವ ಸಾಲಿನವರೆಗೆ ಹಾಯ್ದಿತ್ತೆಂಬುದು ನೆನಪಿನಲ್ಲಿದ್ದರೆ, ಮರುಸಲ ಅಲ್ಲಿಂದಲೇ ಹಾಯಿಸಬಹುದು. ಗಣಕಯಂತ್ರದಲ್ಲಿ ಹಲವು ಕೆಲಸಗಳಿಗೆ ಹೀಗೆ ಪಾಳಿ ಹಚ್ಚುವುದು ಆಪರೇಟಿಂಗ್ ಸಿಸ್ಟಂ ಎಂಬ ವ್ಯವಸ್ಥೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಅವರು ರೂಪಿಸಿದ ಯುನಿಕ್ಸ್ ಇಂತಹದೊಂದು. 1975ರ ಅದರ ಆರನೆಯ ಆವೃತ್ತಿಯ ತಿರುಳು 10,000 ಸಾಲುಗಳೊಳಗೇ ಇತ್ತು. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಅಧ್ಯಾಪಕ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ ಅದಕ್ಕೆ ಟೀಕೆ ಬರೆದರು. ಒಂದು ಸಂಪುಟದಲ್ಲಿ ಮೂಲ, ಇನ್ನೊಂದರಲ್ಲಿ ವ್ಯಾಖ್ಯಾನ; ಕನ್ನಡದ ಹಳೆಯ ಟೀಕಾಕಾರರಿಗೆ ಈ ಕ್ರಮ ಹೊಸದೆನಿಸುತ್ತಿರಲಿಲ್ಲ! ಆದರೆ 1979ರ ಏಳನೆಯ ಆವೃತ್ತಿಯ ಪರವಾನಗಿಯು ಮೂಲವನ್ನು ತರಗತಿಯಲ್ಲಿ ಬೋಧಿಸುವುದನ್ನೇ ನಿಷೇಧಿಸಿತು. ಲಯನ್ಸರ ಕೃತಿ ನೆರಳಚ್ಚಿನ ಪ್ರತಿಗಳಾಗಿ ಗುಟ್ಟಾಗಿ ಕೈಯಿಂದ ಕೈಗೆ ಸಾಗಿತು. ಅದು ಬಹಿರಂಗವಾಗಿ ಅಚ್ಚಾದದ್ದು 1996ರಲ್ಲಿ.

ಆ ಮೂಲದಲ್ಲಿ ಒಂದು ಕೆಲಸದಿಂದ ಇನ್ನೊಂದಕ್ಕೆ ಪಾಳಿ ಬದಲಾಗುವ ಕಡೆ, ಓದುಗನಿಗೆ ಇದು ತಿಳಿಯಬೇಕೆಂಬ ನಿರೀಕ್ಷೆಯಿಲ್ಲ ಎಂಬರ್ಥದ ಟಿಪ್ಪಣಿಯೊಂದಿತ್ತು. ಓದಿದವರಿಗೆ ಅದು ದರ್ಪದ ಮಾತಾಗಿ ಕೇಳಿಸಿದರೆ ಆಶ್ಚರ್ಯವಿಲ್ಲ. ಪರೀಕ್ಷೆಗೆ ಬಾರದು ಎಂಬಷ್ಟೇ ಅದರ ಇಂಗಿತವೆಂದೂ, ನಿಜವಾಗಿ ಅಲ್ಲಿ ನಡೆಯುತ್ತಿದ್ದುದು ತಮಗೂ ತಿಳಿದಿರಲಿಲ್ಲವೆಂದೂ ರಿಚಿ ಮುಂದೆ ಒಪ್ಪಿಕೊಂಡರು. ಬರೆದವರಿಗೇ ತಿಳಿಯದ್ದನ್ನು ಕಲಿಸುವುದು ಹೇಗೆ?

ಅಮೆರಿಕದ ಎಂಐಟಿ ಸಂಸ್ಥೆಯ ಅಧ್ಯಾಪಕರೂ ಮೊದಲು ಲಯನ್ಸರ ಟೀಕೆಯನ್ನೇ ಪಾಠಕ್ಕೆ ಇಟ್ಟಿದ್ದರು. ಬಳಕೆ ತಪ್ಪಿದ ಪಿಡಿಪಿ-11 ಯಂತ್ರದ ಭಾಷೆಯನ್ನು ಕಲಿಯುವುದೇಕೆಂದು ವಿದ್ಯಾರ್ಥಿಗಳಿಗೆ ಅನಿಸಿತು. ಆಗ, 2006ರಲ್ಲಿ, ಹಳೆಯ ರಚನೆಯನ್ನೇ ಅನುಸರಿಸಿ ಹೊಸ ಯಂತ್ರಕ್ಕೆಂದು ಎಕ್ಸ್‌ವಿ-6 ಎಂಬ ಕಿರುವ್ಯವಸ್ಥೆ ಸಿದ್ಧವಾಯಿತು. ಅದರೊಡನೆ ಒಂದು ವ್ಯಾಖ್ಯಾನಗ್ರಂಥವೂ ಬಂದಿತು. ನಿತ್ಯಬಳಕೆಯ ದೊಡ್ಡ ವ್ಯವಸ್ಥೆಗಳು ತಮ್ಮದಕ್ಕಿಂತ ಹೇಗೆ ಬೇರೆ ಎಂಬುದನ್ನು ಗ್ರಂಥಕರ್ತರು ಅಧ್ಯಾಯಗಳ ಕೊನೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಪಠ್ಯಗಳಲ್ಲಿ ಇದು ಅಪರೂಪದ ಗುಣ.

ಆ ಕಠಿಣ ಸ್ಥಳ ಇಲ್ಲಿ ಒಂದೇ ಪುಟದಲ್ಲಿ ಮುಗಿಯುತ್ತದೆ. ಈಗಿನ ರಿಸ್ಕ್-ಫೈವ್ ಯಂತ್ರದ ರೂಪದಲ್ಲಿ, ನಿಲ್ಲುವ ಕೆಲಸದ 14 ಬೆಲೆಗಳನ್ನು ಬರೆದಿಡಲು 14 ಆದೇಶಗಳು, ಹೊರಡುವ ಕೆಲಸದ 14 ಬೆಲೆಗಳನ್ನು ತುಂಬಿಕೊಳ್ಳಲು ಮತ್ತೆ 14. ಬಳಿಕ ಹಿಂದಿರುಗು ಎಂಬ ಒಂದು ಆದೇಶ. ಆದರೆ ಹಿಂದಿರುಗುವುದು ಬಂದಲ್ಲಿಗಲ್ಲ, ಇನ್ನೊಂದು ಕೆಲಸ ಹಿಂದೆ ನಿಂತಿದ್ದ ಸ್ಥಳಕ್ಕೆ.